ಪೇಟ ಸುತ್ತಿಕೊಂಡ ಅಪ್ಪ

ಎಲ್ಲಾದರೂ ಹಸಿ ಸಿಮೆಂಟಿನ ವಾಸನೆ ಬಂದರೆ ನನಗೆ ಗುಬ್ಬಿಯ ನಮ್ಮ ಹಿತ್ತಲು, ಅಲ್ಲಿ ಕುರ್ಚಿಯ ಮೇಲೆ ಅಲುಗಾಡದೆ ಕೂತಿದ್ದ ಅಪ್ಪ ಕಣ್ಣಿಗೆ ಕಟ್ಟುತ್ತಾನೆ. ಗುಬ್ಬಿಯಿಂದ ತುಮಕೂರಿಗೆ ಮೊದಲ ಬಸ್ಸು ಬಿಟ್ಟವರು ನಮ್ಮ ತಾತ. ಇದ್ದಿಲಿನಲ್ಲಿ ಓಡುವ ಬಸ್ಸಂತೆ. ನಾನು ಹುಟ್ಟುವ ಮೊದಲೇ ಹೋಗಿಬಿಟ್ಟಿದ್ದರು. ಎಪ್ಪತ್ತರ ದಶಕದ ಕೊನೆಯಲ್ಲಿ ಊರಿನವರು ಪೇಟೆಯ ನಡುವೆ ಅವರ ಹೆಸರಲ್ಲೊಂದು ಪುಟ್ಟ ಪಾರ್ಕು ಮಾಡಿ ಪ್ರತಿಮೆ ನಿಲ್ಲಿಸಲು ಹೊರಟಾಗ ನೋಡಿದರೆ, ಪುಣ್ಯಾತ್ಮನ ಒಂದು ಫೋಟೋ ಕೂಡ ಇಲ್ಲ! ಫೋಟೋ ತೆಗೆಸಿದರೆ ಆಯಸ್ಸು ಕಮ್ಮಿಯಾಗುತ್ತದೆಂದು ಹೆದರುತ್ತಿದ್ದರಂತೆ. ಕೊನೆಗೆ ಅಪ್ಪನಿಗೇ ಪೇಟ ಸುತ್ತಿ ಕೂರಿಸಿ, ಅವನನ್ನು ನೋಡಿಕೊಂಡು ಶಿಲ್ಪಿ ಸಿಮೆಂಟಿನಲ್ಲಿ ಮುಖ ಮಾಡಿದ. ಮೂಗು, ಹುಬ್ಬು ಎಲ್ಲವನ್ನೂ ಅಜ್ಜಿ ಪಕ್ಕದಲ್ಲೇ ನಿಂತು ತಿದ್ದಿಸಿದಳು. ಗಂಡನ ಮುಖವನ್ನು ಇನ್ನೊಂದು ಸಲ ನೋಡಬೇಕೆಂಬ ಆಸೆ ಅವಳಿಗೆ.

ಪರದೆ ಸರಿಸಿದ ದಿನ ಅಜ್ಜಿ ತುಂಬ ಹೊತ್ತು ನೋಡಿ, "ಅಯ್ಯೋ, ಇದು ನನ್ ಮಗ ಸಿದ್ದ ಕಣ್ರಪ್ಪಾ! ಅವ್ರೆಲ್ಲಿ?" ಎಂದುಬಿಟ್ಟಳು. ಜನ ನಕ್ಕರು. ಅಪ್ಪನೂ ನಕ್ಕ. ಅಜ್ಜಿ ಮತ್ತೆ ಆ ಕಡೆ ತಲೆಹಾಕಲಿಲ್ಲ.

ಮರುವರ್ಷ ಕಾಮಾಲೆಯಾಗಿ ಅಪ್ಪ ತೀರಿಕೊಂಡ. ಆಮೇಲೆ ಸಂಜೆಯಾದರೆ ಸಾಕು, ಅಜ್ಜಿ ನನ್ನ ಕೈಹಿಡಿದು ಪಾರ್ಕಿಗೆ ಹೊರಡುತ್ತಿದ್ದಳು. ಕಣಗಿಲೆ ಗಿಡ, ಒಂದು ಕಲ್ಲುಬೆಂಚು, ಬೇಲಿಯಾಚೆ ಬಸ್ಸುಗಳ ಹಾರನ್ನು. ಸೆರಗಿನಿಂದ ಪ್ರತಿಮೆಯ ಮುಖ ಒರೆಸುವಳು. ಈ ವಯಸ್ಸಲ್ಲೂ ಗಂಡನ ಮೇಲೆ ಎಷ್ಟು ಪ್ರೀತಿ ಎಂದು ಜನ ಮೆಚ್ಚಿಕೊಳ್ಳುತ್ತಿದ್ದರು. "ಅಂದ್ಕೊಳ್ಲಿ ಬುಡೇ" ಎಂದು ನನ್ನ ಕಿವಿಯಲ್ಲಿ ಹೇಳಿ ಅವಳು ಮಗನ ಕೆನ್ನೆ ಸವರುತ್ತಿದ್ದಳು. ನಾನೂ ಕಟ್ಟೆ ಹತ್ತಿ ಮುಟ್ಟುತ್ತಿದ್ದೆ. ಹಗಲೆಲ್ಲ ಬಿಸಿಲು ಕುಡಿದ ಆ ಕೆನ್ನೆ ದೀಪ ಹಚ್ಚುವ ಹೊತ್ತಿಗೂ ಬೆಚ್ಚಗಿರುತ್ತಿತ್ತು. ಅಪ್ಪನಿಲ್ಲದ ಮನೆಗೆ ತಿರುಗಿ ಹೋಗಲು ನಮ್ಮಿಬ್ಬರಿಗೂ ಮನಸ್ಸೇ ಬರುತ್ತಿರಲಿಲ್ಲ.

ಅಜ್ಜಿಯೂ ಹೋದಳು, ಮನೆ ಕೈಬಿಟ್ಟಿತು. ನಿಮಗೂ ಇಂಥದೊಂದು ಊರಿರಬಹುದು, ಹೋದರೆ ನಿಲ್ಲಲು ಒಂದೇ ಒಂದು ಜಾಗ ಉಳಿದಿರುವ ಊರು. ನನಗೆ ಆ ಪಾರ್ಕು. ವರ್ಷಕ್ಕೊಮ್ಮೆಯಾದರೂ ಹಾರ ತೆಗೆದುಕೊಂಡು ಹೋಗುತ್ತಿದ್ದೆ. ಮೊನ್ನೆ ಹೋದರೆ ಕಟ್ಟೆಯ ಮೇಲೆ ಕಂಚಿನ ಹೊಸ ಮುಖ! ಯಾರದೋ ಮದುವೆಯ ಹಳೇ ಫೋಟೋದ ಮೂಲೆಯಲ್ಲಿ ತಾತ ಸಿಕ್ಕಿದರಂತೆ. ಅಜ್ಜಿ ನೋಡಬೇಕಿತ್ತು. ನನಗೆ ಮಾತ್ರ ಯಾರೋ ಪರಸ್ಥಳದವರ ಎದುರು ನಿಂತಂತಾಯಿತು.

"ಹಳೇದನ್ನ ಏನ್ಮಾಡಿದ್ರಪ್ಪಾ?" ಎಂದು ಕೇಳಿದೆ, ಪರಿಚಯದ ಕಾವಲುಗಾರನನ್ನು.

"ಒಡೆದು ಇದ್ರ ಪಾಯಕ್ಕೇ ಹಾಕುದ್ರು ಕಣಕ್ಕ. ಅದು ನಿಮ್ ತಾತನ್ ಥರ ಇರ್ಲೇ ಇಲ್ವಂತಲ್ಲ."

ಹಾರ ಹಿಡಿದ ಕೈ ಮೇಲಕ್ಕೇಳಲಿಲ್ಲ. ಬಗ್ಗಿ, ಕಟ್ಟೆಯ ಬುಡದ ಮಣ್ಣಿನ ಮೇಲಿಟ್ಟೆ.