ಕರಿಬಸಮ್ಮ ನುಂಗಿದ ಮಾತಿನ ಬಾಲ

ಸಿಂಗಟಗೆರೆ ಸುತ್ತಿನ ಒಂದು ಸಣ್ಣ ಊರಿನ ಕರಿಬಸಮ್ಮ ಮಾತಿನಲ್ಲಿ ಯಾರಿಗೂ ಕಡಿಮೆಯಿದ್ದವಳಲ್ಲ. ಗಂಡ ತೀರಿಕೊಂಡ ಮೇಲೆ ಎರಡು ಸೀಮೆಹಸು, ಹದಿನೆಂಟು ತೆಂಗಿನ ಮರ ನಂಬಿಕೊಂಡು ಯಾರ ಮುಂದೆಯೂ ಕೈಯೊಡ್ಡದೆ ಬಾಳಿದ ಹೆಂಗಸು. ನಲ್ಲಿ ಹತ್ತಿರ ಅವಳು ಬಾಯಿ ತೆರೆದರೆ, ಬಿಂದಿಗೆ ತುಂಬಿ ಹರಿದರೂ ಯಾರೂ ಎತ್ತುತ್ತಿರಲಿಲ್ಲ. ಅಂಥವಳು ಒಂದು ವಿಷಯದಲ್ಲಿ ಮಾತ್ರ ಮೂರು ವರ್ಷದಿಂದ ಮಾತಿನ ಬಾಲ ನುಂಗುತ್ತಿದ್ದಳು.

ಅವಳಿಗಿದ್ದದ್ದು ಒಂದೇ ಕೂಸು. ಊರವರ ಕಣ್ಣಿಗೆ ಗಂಡುಹುಡುಗನಾಗಿ ಬೆಳೆದ ಆ ಕೂಸು, ಪಿಯುಸಿ ಮುಗಿಸಿದ ವರ್ಷ ಹಟ್ಟಿಯಲ್ಲಿ ಹಾಲು ಕರೆಯುತ್ತಿದ್ದ ತಾಯಿಯ ಪಕ್ಕ ಕೂತು, "ನಾನು ಒಳಗಿಂದ ಹೆಣ್ಣು ಕಣವ್ವಾ" ಅಂದಿತ್ತು. ಆಮೇಲೆ ಅಜ್ಜಂಪುರದ ಹೊಲಿಗೆ ಅಂಗಡಿಯಲ್ಲಿ ನಾಲ್ಕು ವರ್ಷ ದುಡಿದು, ಸ್ಫೂರ್ತಿ ಎಂದು ಹೆಸರು ಬದಲಿಸಿ ಆಧಾರ್ ಕಾರ್ಡ್ ಮಾಡಿಸಿಕೊಂಡು, ಮೂರು ವರ್ಷದ ಹಿಂದೆ ಸೀರೆಯುಟ್ಟು ಊರಿಗೆ ಮರಳಿದ್ದಳು.

ಕರಿಬಸಮ್ಮ ಬಾಗಿಲು ಹಾಕಲಿಲ್ಲ. ಕಾಲಿಗೆ ನೀರು ಕೊಟ್ಟಳು, ಮುದ್ದೆ ಇಕ್ಕಿದಳು. ಆದರೆ ಕರೆಯುವುದು ಹೇಗೆ? ಬಾರೋ ಎಂದರೆ ಮಗಳ ಮುಖ ಬಾಡುತ್ತಿತ್ತು. ಬಾರೇ ಎನ್ನಲು ಇವಳ ನಾಲಿಗೆ ಏಳುತ್ತಿರಲಿಲ್ಲ. ಹಾಗಾಗಿ "ಬಾ" ಎಂದು ಅಲ್ಲಿಗೇ ಬಾಯಿ ಮುಚ್ಚುವಳು. ಬೇರೆಯವರ ಮುಂದೆ ಹೇಳುವಾಗ ಬಂದ ಎನ್ನುವಂತಿಲ್ಲ, ಬಂದಳು ಎನ್ನಲಾಗದು. "ಕೂಸು ಬಂತು" ಎಂದು ತೇಲಿಸುವಳು. ಕೂಸು ಎಲ್ಲಿ ಹೋಯಿತೆಂದು ಯಾರಾದರೂ ಕೇಳಿದರೆ "ಮನೇಲಿಲ್ಲ" ಎಂದುಬಿಡುವಳು. ಇಲ್ಲ ಅನ್ನುವ ಮಾತಿಗೆ ಗಂಡೂ ಇಲ್ಲ, ಹೆಣ್ಣೂ ಇಲ್ಲ, ಅದೊಂದು ಅನುಕೂಲವಾಗಿತ್ತು. ಸ್ಫೂರ್ತಿಗೆ ಇದೆಲ್ಲ ಗೊತ್ತಿತ್ತು. ಒಂದು ದಿನವೂ ಕೇಳಲಿಲ್ಲ.

ಈಚೆಗೆ ಊರಿನ ಹಾಲಿನ ಡೇರಿಯ ಕಾರ್ಯದರ್ಶಿ ರಘುನಾಥ್, ಸ್ಫೂರ್ತಿಯನ್ನು ಹಾಲು ಪರೀಕ್ಷೆ ಮಾಡುವ ಕೆಲಸಕ್ಕೆ ಮೂರು ತಿಂಗಳ ಮಟ್ಟಿಗೆ ಇಟ್ಟುಕೊಂಡಿದ್ದರು. ಮುಂದುವರಿಸುವುದೋ ಬಿಡುವುದೋ ಸದಸ್ಯರ ಸಭೆಗೆ ಬಿಟ್ಟದ್ದು. ಹಿರಿಯ ಸದಸ್ಯರಾದ ಈರಭದ್ರಪ್ಪನವರು, ಅಂಥವರ ಕೈಗೆ ಹಾಲು ಕೊಡುವುದು ಸರಿಯಲ್ಲ ಎಂದು ಆಗಲೇ ನಾಲ್ಕು ಮನೆಯಲ್ಲಿ ಹೇಳಿಬಂದಿದ್ದರು. ಈ ಕೆಲಸ ಹೋದರೆ ಸ್ಫೂರ್ತಿ ಮತ್ತೆ ಅಜ್ಜಂಪುರದ ಬಸ್ಸು ಹತ್ತುವುದು ಖಂಡಿತ. ಈ ಸಲ ಹೋದರೆ ಮರಳುವುದಿಲ್ಲ ಎಂಬ ಭಯ ಕರಿಬಸಮ್ಮನಿಗಿತ್ತು.

ತರೀಕೆರೆಯ ಒಂದು ಸಂಘದವರು ಸ್ಫೂರ್ತಿಯಂಥವರ ಬದುಕನ್ನು ಐದಾರು ನಿಮಿಷದ ವಿಡಿಯೊ ಮಾಡಿ ಊರೂರಿನ ಸಭೆಗಳಲ್ಲಿ ತೋರಿಸುತ್ತಿದ್ದರು. ನಮ್ಮೂರ ಸಭೆಗೂ ಒಂದು ಮಾಡಿಕೊಡಿ ಎಂದು ಸ್ಫೂರ್ತಿಯೇ ಕೇಳಿಕೊಂಡಳು. ಕ್ಯಾಮೆರಾ ಹೊತ್ತು ಬಂದವನು ಕಡೂರಿನಲ್ಲಿ ಮದುವೆ ವಿಡಿಯೊ ಮಾಡುವ ಧನಪಾಲ್. ಸ್ಫೂರ್ತಿ ಅವನಿಗೆ ಮೊದಲೇ ಹೇಳಿದಳು, "ಅಳೋ ಮ್ಯೂಸಿಕ್ ಹಾಕ್ಬೇಡಣ್ಣ. ನಾನೇನು ಸತ್ತಿಲ್ಲ."

ಮಗಳದು ಸಲೀಸಾಗಿ ಮುಗಿಯಿತು. ತಾಯಿಯ ಸರದಿ ಬಂತು. ಕರಿಬಸಮ್ಮ ಒಳ್ಳೇ ಸೀರೆಯುಟ್ಟು ಜಗಲಿಯ ಮೇಲೆ ಕೂತು ಹತ್ತು ನಿಮಿಷ ಮಾತಾಡಿದಳು. ಧನಪಾಲ್ ಕಿವಿಗೆ ಹೆಡ್‌ಫೋನ್ ಇಟ್ಟು ಕೇಳಿ ಹುಬ್ಬು ಗಂಟಿಕ್ಕಿದ. ಪ್ರತಿ ಮಾತಿನ ಕೊನೆಯೂ ಕಟ್ಟಾಗುತ್ತಿದೆ, ಮೈಕ್ ಕೆಟ್ಟಿರಬೇಕು ಎಂದ. ಬ್ಯಾಟರಿ ಬದಲಿಸಿದ. ಮತ್ತೆ ಅದೇ. ವೈರು ಬದಲಿಸಿದ. ಆಗಲೂ ಅದೇ.

"ಮೈಕ್ ಸರಿಯಾಗೇ ಇದೆ ಬಿಡಣ್ಣ," ಎಂದು ಸ್ಫೂರ್ತಿ ಮೆಲ್ಲಗೆ ಹೇಳಿ ಪಾತ್ರೆ ತೊಳೆಯಲು ಒಳಗೆ ಹೋದಳು.

ಅದು ಧನಪಾಲನಿಗೆ ಅರ್ಥವಾಗಲಿಲ್ಲ, ಕರಿಬಸಮ್ಮನಿಗೆ ಆಯಿತು. ಮಗಳು ಅಷ್ಟು ಹೇಳಿದ್ದೇ ಅವಳ ಎದೆಗೆ ನಾಟಿತು. ಧನಪಾಲ್ ಪಾಪ, ಇನ್ನೂ ಮೈಕಿನ ಗುಂಗಿನಲ್ಲೇ ಇದ್ದ. "ಅಮ್ಮಾ, ಸುಮ್ನೆ ಏನಾದ್ರೂ ಮಾತಾಡಿ, ಚೆಕ್ ಮಾಡ್ತೀನಿ. ಇವತ್ತು ಡೇರಿಗೆ ಹಾಲೆಷ್ಟು ಹಾಕಿದ್ರಿ?"

ಹಾಲಿನ ಮಾತೆತ್ತಿದ್ದೇ ತಡ, ಕರಿಬಸಮ್ಮನಿಗೆ ಬೆಳಗಿನ ಸಿಟ್ಟು ನೆನಪಾಯಿತು.

"ಎಲ್ಲಿ ಹಾಕೋದಪ್ಪಾ? ಆತುರದಲ್ಲಿ ಕ್ಯಾನು ತೊಳ್ದು ನೀರು ಬಗ್ಗಿಸೋದು ಮರ್ತಿದ್ದೆ. ಲ್ಯಾಕ್ಟೋಮೀಟರ್ ಬಿಟ್ಲು, ನೋಡಿದ್ಲು, ಹೆತ್ತವ್ವನ ಹಾಲ್ನೇ ವಾಪಸ್ ಕಳಿಸ್ಬಿಟ್ಲು. ಸಾಲಲ್ಲಿ ನಿಂತಿದ್ದೋರೆಲ್ಲ ನಕ್ರು. ಅಂಥ ಗಟ್ಟಿಗಿತ್ತಿ ಕಣಪ್ಪಾ ನನ್ನ ಮಗಳು!"

ಆಡಿದ ಮೇಲೆ ಬಾಯಿಗೆ ಸೆರಗು ಹಿಡಿದಳು. ಒಳಗೆ ಪಾತ್ರೆಯ ಸದ್ದು ನಿಂತಿತ್ತು. ಧನಪಾಲ್ ತಲೆಯೆತ್ತಿ, ಈಗ ಮೈಕ್ ಸರಿಹೋಯಿತು ಎಂದ.

ಭಾನುವಾರ ಸದಸ್ಯರ ಸಭೆ ಸೇರಿದಾಗ ಡೇರಿಯ ಟೀವಿಯಲ್ಲಿ ವಿಡಿಯೊ ಹಾಕಿದರು. ಸ್ಫೂರ್ತಿ ತನ್ನ ಕಥೆ ಹೇಳುವವರೆಗೆ ಜನ ಗಂಭೀರವಾಗಿ ನೋಡಿದರು. ಇಬ್ಬರು ಎದ್ದು ಹೊರಗೆ ಹೋದರು. ಕೊನೆಯಲ್ಲಿ ಕರಿಬಸಮ್ಮನ ಸಿಟ್ಟಿನ ಮುಖ ಬಂತು. ಧನಪಾಲ್ ಆ ಮಾತನ್ನು ಹಾಗೇ ಇಟ್ಟಿದ್ದ. ಡೇರಿಯೇ ನಕ್ಕಿತು. ಹೊರಗೆ ಹೋದವರೂ ಬಾಗಿಲಲ್ಲಿ ಇಣುಕಿದರು.

ನಗು ಇಳಿದ ಮೇಲೆ ಈರಭದ್ರಪ್ಪನವರು ಟವೆಲ್ ಮಡಚಿ ಹೆಗಲಿಗೆ ಹಾಕಿಕೊಂಡರು. ಆಮೇಲೆ, "ಅವ್ವನ ಹಾಲ್ನೇ ಬಿಡ್ದವ್ಳು ಇನ್ಯಾರ ಹಾಲು ಬಿಡ್ತಾಳೆ? ಇರ್ಲಿ ಬಿಡ್ರಪ್ಪ" ಎಂದರು.

"ಹಂಗಾದ್ರೆ ನಾಳೆಯಿಂದ ನಿಮ್ಮ ಹಾಲೂ ಗಟ್ಟಿಯಾಗ್ತದೆ ಅನ್ನಿ, ಈರಭದ್ರಣ್ಣ," ಎಂದು ಹಿಂದಿನ ಬೆಂಚಿನ ವಿಮಲಮ್ಮ ಚುಚ್ಚಿದಳು. ಎಲ್ಲರೂ ಕೈಯೆತ್ತಲಿಲ್ಲ, ಎತ್ತಿದ ಕೈ ಸಾಕಾದವು. ರಘುನಾಥ್ ಕಾಯಂ ಎಂದು ಬರೆದುಕೊಂಡರು.

ಕರಿಬಸಮ್ಮ ಮನೆಗೆ ಬಂದು ಜಗಲಿಯ ಮೇಲೆ ಕಾಲು ಚಾಚಿ ಕೂತಳು. ಎಷ್ಟೋ ದಿನದಿಂದ ಹಲ್ಲು ಕಚ್ಚಿಕೊಂಡಿದ್ದವಳಿಗೆ ದವಡೆ ಸಡಿಲವಾದಂತಿತ್ತು. ಆಮೇಲೆ ಒಳಗೆ ಹೋಗಿ ಮುದ್ದೆ ತಿರುವಿಟ್ಟು ಹೊರಗೆ ನೋಡಿದರೆ, ಮಗಳು ಬೀದಿಯ ತುದಿಯಲ್ಲಿ ಯಾರೊಡನೆಯೋ ಮಾತಾಡುತ್ತ ನಿಂತಿದ್ದಳು.

"ಸ್ಫೂರ್ತೀ, ಮುದ್ದೆ ಆರೋಗ್ತದೆ, ಬಾರೇ."

ಅವಳಿಗೆ ಕೇಳಿಸಿತು. ಕೇಳಿಸಿದರೂ, ಇನ್ನೊಂದು ಸಲ ಕೇಳುವ ಆಸೆಗೆ ಈ ಕಡೆ ತಿರುಗದೆ ನಿಂತಳು.

"ಕಿವಿ ಕೇಳ್ಸಲ್ವೇನೇ? ಬಾರೇ!" ಎಂದು ಕರಿಬಸಮ್ಮ ಇಡೀ ಬೀದಿಗೆ ಕೇಳುವ ಹಾಗೆ ಕೂಗಿದಳು.