ಕತ್ತಿನ ಮೂಳೆ ಹೇಳಿದ್ದು

ನನಗೆ ಅನುಮಾನ ಜಾಸ್ತಿ. ನನ್ನ ಗಂಡ ಇದನ್ನು ಕಾಯಿಲೆ ಅನ್ನುತ್ತಾರೆ, ನಾನು ಹೊಟ್ಟೆಪಾಡು ಅನ್ನುತ್ತೇನೆ. ದೊಡ್ಡಬಳ್ಳಾಪುರದ ಮಗ್ಗದ ಮನೆಯೊಂದರಲ್ಲಿ ನೇಯ್ದು ಬಂದ ಸೀರೆಗಳನ್ನು ಬೆಳಕಿಗೆ ಹಿಡಿದು, ಎಳೆ ತಪ್ಪಿದ ಕಡೆ ಗುರುತು ಹಾಕುವುದು ನನ್ನ ಕೆಲಸ. ಮದುವೆಯಾದಾಗಿನಿಂದ ಅದನ್ನೇ ಮಾಡಿಕೊಂಡು ಬಂದವಳಿಗೆ ಹಾಲಿನವನ ಅಳತೆಯ ಮೇಲಾಗಲಿ, ಸಂತೆಯ ತಕ್ಕಡಿಯ ಮೇಲಾಗಲಿ ಒಂದೇ ಏಟಿಗೆ ನಂಬಿಕೆ ಬರುವುದಿಲ್ಲ. ಅಂಥವಳ ಮುಂದೆ, ಹಲ್ಲು ತೋರಿಸಲು ಬಂದ ಮಗಳ ಕತ್ತಿನ ಮೂಳೆ ನೋಡಬೇಕು ಅಂದರೆ ಹೇಗಿರುತ್ತದೆ?

ಮಗಳು ಎಂಟನೇ ಕ್ಲಾಸು. ಅವಳ ಕೆಳದವಡೆ ಹಿಂದಕ್ಕೆ ಉಳಿದುಬಿಟ್ಟಿದೆ, ಮೇಲಿನ ಹಲ್ಲು ಮುಂದಕ್ಕೆ ಬಂದಿವೆ. ತುಟಿ ಕೂಡಬೇಕಾದರೆ ಅವಳು ಪ್ರಯತ್ನಪಡಬೇಕು. ನಗು ಬಂದರೆ ಮೊದಲು ಅಂಗೈ ಬಾಯಿಗೆ ಹೋಗುತ್ತದೆ, ಆಮೇಲೆ ನಗುತ್ತಾಳೆ. ಆರನೇ ಕ್ಲಾಸಿನಲ್ಲಿದ್ದಾಗ ಶಾಲೆಗೆ ಬಂದ ಹಲ್ಲಿನ ಡಾಕ್ಟರೊಬ್ಬರು ಇವಳನ್ನು ಬೇಗ ಎಲ್ಲಾದರೂ ತೋರಿಸಿ ಅಂದಿದ್ದರು. ಅವರೇ ತಮ್ಮ ಕ್ಲಿನಿಕ್ಕಿನ ಕಾರ್ಡನ್ನೂ ಕೊಟ್ಟಿದ್ದರಿಂದ ನನಗೆ ಅವರ ಮಾತು ರುಚಿಸಲಿಲ್ಲ. ಅತ್ತೆಯೂ, ಬೀದಿಯ ಹೆಂಗಸರೂ ಒಂದೇ ಮಾತು ಹೇಳಿದರು: ಮಗು ದೊಡ್ಡವಳಾಗಲಿ, ಮುಖ ತುಂಬಿಕೊಳ್ಳುತ್ತದೆ, ಆಮೇಲೆ ನೋಡೋಣ. ದೊಡ್ಡಬಳ್ಳಾಪುರದ ಪಕ್ಕದ ನಮ್ಮ ಮಧುರೆ ಹೋಬಳಿ ಕಡೆ ಹೆಣ್ಣುಮಕ್ಕಳ ವಿಷಯವನ್ನೆಲ್ಲ ಹಾಗೇ ಮುಂದಕ್ಕೆ ಹಾಕುತ್ತಾರೆ. ಚಿನ್ನದ ಓಲೆ ಆಮೇಲೆ, ರೇಷ್ಮೆ ಲಂಗ ಆಮೇಲೆ, ಹಲ್ಲೂ ಆಮೇಲೆ. ನಾನೂ ಕಾದೆ.

ಈ ವರ್ಷ ಇದ್ದಕ್ಕಿದ್ದಂತೆ ಮಗಳು ಹಟ ಹಿಡಿದಳು, ಈಗಲೇ ತೋರಿಸಬೇಕು ಅಂತ. ಅತ್ತೆಯೂ ಅವಳ ಪರ ನಿಂತರು. ಎರಡು ವರ್ಷ ಬೇಡ ಬೇಡ ಅಂದ ಹೆಂಗಸು ಈಗೇಕೆ ರಾಗ ಬದಲಾಯಿಸಿದರು ಅಂತ ನನಗೆ ಅವತ್ತೇ ಅನುಮಾನ ಬಂತು. ಕಾರಣ ಹೊಳೆಯಲಿಲ್ಲ.

ದೊಡ್ಡಬಳ್ಳಾಪುರದ ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ಮೈ ಜೋರಾಗಿ ಬೆಳೆಯುವ ಕಾಲದಲ್ಲಿ ಬಾಯಿಗೆ ಒಂದು ಪ್ಲೇಟು ಹಾಕಿದರೆ ಹಿಂದುಳಿದ ದವಡೆಯನ್ನು ಮುಂದಕ್ಕೆ ತರಬಹುದು, ಆ ಕಾಲ ದಾಟಿದರೆ ಹಲ್ಲನ್ನಷ್ಟೇ ಒಳಕ್ಕೆ ತರಬಹುದು, ದವಡೆಗೆ ಮುಂದೆ ಆಪರೇಷನ್ನೇ ಆಗಬೇಕು ಅಂದರು. ಹೆಣ್ಣುಮಕ್ಕಳು ದೊಡ್ಡವರಾಗುವ ಹೊತ್ತಿಗೆ ಆ ಕಾಲ ಮುಗಿಯುತ್ತಾ ಬಂದಿರುತ್ತದಂತೆ, ಅದಕ್ಕೇ ಮಗಳು ದೊಡ್ಡವಳಾಗಿದ್ದಾಳಾ ಅಂತ ಕೇಳಿದರು. ಇನ್ನೂ ಇಲ್ಲ ಅಂದೆ. ಮಗಳು ಕುರ್ಚಿಯಲ್ಲಿ ಬಾಯಿ ತೆರೆದುಕೊಂಡು ಮೇಲಿನ ದೀಪ ನೋಡುತ್ತಿದ್ದಳು.

ಮುಖವನ್ನು ಪಕ್ಕದಿಂದ ತೆಗೆದ ಎಕ್ಸ್‌ರೇ ಬಂತು. ಡಾಕ್ಟರು ಮೂಗು, ಗಲ್ಲ, ದವಡೆಗೆಲ್ಲ ಗೆರೆ ಎಳೆದು ಅಳೆದರು. ಆಮೇಲೆ ಪೆನ್ನಿನ ತುದಿಯನ್ನು ಕತ್ತಿನ ಮೂಳೆಗಳ ಮೇಲೆ ಇಟ್ಟರು. ಚಿಕ್ಕ ಮಕ್ಕಳಲ್ಲಿ ಈ ಮೂಳೆಗಳ ಅಡಿಭಾಗ ಚಪ್ಪಟೆಯಾಗಿರುತ್ತದಂತೆ. ಬೆಳೆಯುತ್ತಾ ಹೋದ ಹಾಗೆ ಮೇಲಿನಿಂದ ಒಂದೊಂದರ ಅಡಿಯೂ ಒಳಕ್ಕೆ ಬಾಗುತ್ತದಂತೆ. ಇವಳದು ಎರಡನೆಯದು, ಮೂರನೆಯದು ಬಾಗಿದ್ದಲ್ಲದೆ ನಾಲ್ಕನೆಯದೂ ಬಾಗಿತ್ತು. ಜೋರಾಗಿ ಬೆಳೆಯುವ ಕಾಲ ದಾಟಿದಂತಿದೆ ಅಂದ ಡಾಕ್ಟರು ಮತ್ತೆ ಅದೇ ಪ್ರಶ್ನೆ ಕೇಳಿದರು.

“ಸರಿಯಾಗಿ ಗೊತ್ತಾ ಅಮ್ಮಾ? ಮೂಳೆ ಒಂದ್ರಿಂದ್ಲೇ ಖಂಡಿತ ಅಂತ ಹೇಳಕ್ಕಾಗಲ್ಲ, ಅದಕ್ಕೇ ಕೇಳ್ತಿದೀನಿ.”

ನನಗೆ ರೇಗಿತು. ಹೆತ್ತ ತಾಯಿಗಿಂತ ಇವರ ಎಕ್ಸ್‌ರೇಗೆ ಹೆಚ್ಚು ಗೊತ್ತೇ? ಖಂಡಿತ ಹೇಳಲಾಗದಿದ್ದರೆ ತೆಗೆದಿದ್ದಾದರೂ ಯಾಕೆ? ಆಪರೇಷನ್ ಅನ್ನುವ ಮಾತನ್ನು ನನ್ನ ಕಿವಿಗೆ ಹಾಕಲೆಂದೇ ಇಷ್ಟೆಲ್ಲ ಕಥೆ ಅಂದುಕೊಂಡೆ. ಬೇರೆ ಯಾರದೋ ಎಕ್ಸ್‌ರೇ ಅದಲು ಬದಲಾಗಿರಬಹುದು ಅಂತಲೂ ಅನ್ನಿಸಿತು. ಅದರ ಮೂಲೆಯಲ್ಲಿ ಮಗಳ ಹೆಸರಿತ್ತು, ಕಿವಿಯ ಹತ್ತಿರ ಅವಳು ಬಿಚ್ಚಲು ಮರೆತ ಓಲೆಯ ನೆರಳೂ ಇತ್ತು. ಆದರೂ ಎಕ್ಸ್‌ರೇಯನ್ನು ಕೈಚೀಲಕ್ಕೆ ತುರುಕಿಕೊಂಡು ಎದ್ದು ಬಂದೆ.

ಮುಂದಿನ ವಾರ ದೇವನಹಳ್ಳಿಗೆ ಹೋದೆವು. ಅಲ್ಲಿಯವರು ವಯಸ್ಸಾದ ಡಾಕ್ಟರು. ಮೊದಲಿನವರು ಏನು ಹೇಳಿದರು ಅನ್ನುವುದನ್ನು ನಾನು ಬಾಯಿಬಿಡಲಿಲ್ಲ. ಅವರೂ ಎಕ್ಸ್‌ರೇ ಎತ್ತಿ ಹಿಡಿದರು, ಕತ್ತು ನೋಡಿದರು, ಮಗು ಯಾವಾಗ ದೊಡ್ಡವಳಾದಳು ಅಂತ ಕೇಳಿದರು. ಆಗಿದ್ದಾಳಾ ಅಂತಲ್ಲ, ಯಾವಾಗ ಅಂತ. ಇಬ್ಬರೂ ಒಂದೇ ಕಾಲೇಜಿನಲ್ಲಿ ಕಲಿತುಬಂದಿದ್ದಾರೆ ಅಂತ ಮನಸ್ಸಿನಲ್ಲೇ ಬೈದುಕೊಂಡೆ. ವಾಪಸ್ಸು ಬರುವ ಬಸ್ಸಿನಲ್ಲಿ ಅದನ್ನೇ ಬಾಯಿಬಿಟ್ಟು ಹೇಳಿದೆ. ಯಾವಾಗಲೂ ನನ್ನ ಅನುಮಾನಗಳಿಗೆ ಕಿಸಕ್ಕನೆ ನಗುವ ಮಗಳು ನಗಲಿಲ್ಲ. ಕಿಟಕಿಯ ಕಡೆ ತಿರುಗಿ ಕೂತಳು. ಅವಳ ಕತ್ತು ನೋಡುತ್ತಾ ಕೂತಿದ್ದಾಗ ಮೊದಲ ಸಲ ನನ್ನ ಅನುಮಾನ ಡಾಕ್ಟರನ್ನು ಬಿಟ್ಟು ಮನೆಯ ಕಡೆ ಹೊರಳಿತು.

ನೆನಪಾದದ್ದು ಚಿಗಳಿ. ಎಳ್ಳು ಬೆಲ್ಲ ಕುಟ್ಟಿ ಕಟ್ಟುವ ಈ ಉಂಡೆಯನ್ನು ನಮ್ಮಲ್ಲಿ ನಾಗರ ಪಂಚಮಿಗೆ ಮಾಡುತ್ತಾರೆ. ಅದು ಬಿಟ್ಟರೆ, ಹೊಸದಾಗಿ ದೊಡ್ಡವಳಾದ ಹುಡುಗಿಗೆ ಸೊಂಟ ಗಟ್ಟಿಯಾಗಲಿ ಅಂತ ತಿನ್ನಿಸುತ್ತಾರೆ. ಹೋದ ವರ್ಷ ಯಾವ ಹಬ್ಬವೂ ಇಲ್ಲದ ದಿನಗಳಲ್ಲಿ ಮಗಳ ಊಟದ ಡಬ್ಬಿಯಲ್ಲಿ ಚಿಗಳಿ ಇತ್ತು. ಅಜ್ಜಿ ಮುದ್ದಿಗೆ ಮಾಡಿಕೊಟ್ಟಿದ್ದಾರೆ ಅಂದುಕೊಂಡಿದ್ದೆ. ಅದೇ ಹೊತ್ತಿನಿಂದ ಮಗಳು ತಿಂಗಳಿಗೊಮ್ಮೆ ತಲೆನೋವು ಅಂತ ದೇವರ ಮನೆಗೆ ದೀಪ ಹಚ್ಚಲು ಹೋಗದಿದ್ದದ್ದೂ ನೆನಪಾಯಿತು. ಎಲ್ಲರನ್ನೂ ಅನುಮಾನಿಸಿದವಳು ನನ್ನ ಮಗಳ ತಲೆನೋವನ್ನು ಮಾತ್ರ ನಂಬಿದ್ದೆ.

ಮನೆಗೆ ಬಂದವಳೇ ಅಡುಗೆಮನೆಗೆ ಹೋದೆ. ಅತ್ತೆ ಅವರೆಕಾಯಿ ಸುಲಿಯುತ್ತಿದ್ದರು. ಯಾವಾಗ ಅಂತ ಅಷ್ಟೇ ಕೇಳಿದೆ. ಅವರು ಏನು ಯಾವಾಗ ಅಂತ ಕೇಳಲಿಲ್ಲ. ಹೋದ ವರ್ಷದ ಸಂಕ್ರಾಂತಿ ಆದ ಮೇಲೆ ಅಂದರು. ಹೆತ್ತವಳನ್ನು ಕತ್ತಲಲ್ಲಿಟ್ಟು ಮೊಮ್ಮಗಳನ್ನು ನಿಮ್ಮ ಕಡೆ ಎಳೆದುಕೊಂಡಿರಾ ಅಂತ ಬಾಯಿಗೆ ಬಂದದ್ದೆಲ್ಲ ಅಂದೆ. ಬಾಗಿಲಲ್ಲಿ ನಿಂತಿದ್ದ ಮಗಳು ಹೇಳಿದಳು:

“ಅಜ್ಜಿನ ಬೈಬೇಡ. ನಾನೇ ಆಣೆ ಹಾಕ್ಸಿದ್ದು. ಆರತಿ ಮಾಡಿದ್ರೆ ಸೊಪ್ಪು ತರಕ್ಕೆ ಮಾವ ಬರಲ್ಲ ಅಂತ ಗೊತ್ತಿತ್ತಲ್ಲಮ್ಮ. ಎಲ್ರ ಮುಂದೆ ನೀನು ಅಳ್ತಿದ್ದೆ.”

ನಮ್ಮಲ್ಲಿ ಹುಡುಗಿ ದೊಡ್ಡವಳಾದರೆ ಸೋದರಮಾವ ಹಸಿರು ಸೊಪ್ಪು ತಂದು ಗುಡ್ಲು ಹಾಕಬೇಕು. ಅದರೊಳಗೆ ಕೂರಿಸಿಯೇ ಆರತಿ. ನನಗಿರುವುದು ಒಬ್ಬ ತಮ್ಮ. ಅಪ್ಪನ ಜಮೀನನ್ನು ಲೇಔಟಿಗೆ ಕೊಡುವ ಕಾಗದಕ್ಕೆ ನಾನು ಸಹಿ ಹಾಕಲಿಲ್ಲ. ಅದರಲ್ಲಿ ಮೋಸವಿದೆ ಅಂತ ನನಗೆ ಅನುಮಾನ. ಅವತ್ತಿನಿಂದ ತಮ್ಮ ನಮ್ಮ ಹೊಸಿಲು ತುಳಿದಿಲ್ಲ. ನಾದಿನಿಯ ಮಗಳ ಆರತಿಯ ದಿನ, ನನ್ನ ಮಗಳಿಗೆ ಸೊಪ್ಪು ತರುವವರು ಯಾರು ಅಂತ ನಾನು ಹಿತ್ತಿಲಲ್ಲಿ ಕಣ್ಣೀರು ಹಾಕಿದ್ದೆ. ಅದನ್ನು ಇವಳು ಕೇಳಿಸಿಕೊಂಡಿದ್ದಾಳೆ. ನನ್ನ ತವರಿನ ಮಾತು ಎತ್ತಿ ಆಡಲು ಕಾದಿರುತ್ತಾರೆ ಅಂತ ನಾನು ನಂಬಿದ್ದ ಅತ್ತೆ, ಅವಕಾಶ ಕೈಗೇ ಬಂದರೂ ಬಾಯಿ ಮುಚ್ಚಿಕೊಂಡಿದ್ದರು. ಯಾವುದು ಬಂದ ಮೇಲೆ ಹಲ್ಲು ತೋರಿಸೋಣ ಅಂತ ನಾನು ದಿನ ದೂಡಿದ್ದೆನೋ ಅದು ನಮ್ಮ ಮನೆಗೇ ಬಂದು ವರ್ಷ ಕಳೆದಿತ್ತು.

ದೊಡ್ಡಬಳ್ಳಾಪುರದ ಡಾಕ್ಟರ ಬಳಿಗೇ ಮತ್ತೆ ಹೋದೆವು. ಮಗಳನ್ನು ಹೊರಗೆ ಕೂರಿಸಿ ನಿಜ ಹೇಳಿದೆ. ಅವರು ಬೈಯಲಿಲ್ಲ. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು. ಎರಡು ವರ್ಷದ ಹಿಂದೆ ಬಂದಿದ್ದರೆ ಪ್ಲೇಟು ಚೆನ್ನಾಗಿ ಕೆಲಸ ಮಾಡುತ್ತಿತ್ತು ಅಂದರು. ಹೋದ ವರ್ಷ ಗೊತ್ತಾದ ಕೂಡಲೇ ಕರೆದುಕೊಂಡು ಬಂದಿದ್ದರೂ ಒಂದಷ್ಟು ಆಗುತ್ತಿತ್ತಂತೆ. ಈಗ ಉಳಿದಿರುವ ಬೆಳವಣಿಗೆ ಸ್ವಲ್ಪ, ಹಾಕಿ ನೋಡೋಣ, ಆದರೆ ಆಸೆ ಇಟ್ಟುಕೊಳ್ಳಬೇಡಿ ಅಂದರು. ಅವರ ಒಂದು ಮಾತಿನಲ್ಲೂ ನನಗೆ ಅನುಮಾನ ಹುಟ್ಟಲಿಲ್ಲ.

ಮಗಳನ್ನು ಒಳಗೆ ಕರೆದು, ಬಾಯಿಯ ಅಚ್ಚು ತೆಗೆಯಲು ಕುರ್ಚಿಯಲ್ಲಿ ಕೂರಿಸಿದರು. ಅವಳು ಅಂಗೈಯಿಂದ ಬಾಯಿ ಮುಚ್ಚಿಕೊಂಡೇ ಕೇಳಿದಳು.

“ಮೇಡಂ, ನಾನು ಅಮ್ಮಂಗೆ ಆವಾಗ್ಲೇ ಹೇಳಿದ್ದಿದ್ರೆ ಸರಿಹೋಗ್ತಿತ್ತಾ?”

ಡಾಕ್ಟರು ನನ್ನ ಮುಖ ನೋಡಿದರು.

“ಇಲ್ಲ ಪುಟ್ಟಾ. ಆವಾಗ ಬಂದಿದ್ರೂ ಇಷ್ಟೇ ಆಗ್ತಿತ್ತು.”

ಮಗಳು ನಿಜವೇ ಅನ್ನುವಂತೆ ನನ್ನ ಕಡೆ ತಿರುಗಿದಳು. ಹೌದು ಅಂತ ನಾನು ತಲೆಯಾಡಿಸಿದೆ. ಅವಳು ಕೈ ತೆಗೆದು ಬಾಯಿ ತೆರೆದಳು.