ಬೂಷ್ಟನ್ನು ತಿನ್ನುವ ಬೂಷ್ಟು

ಬೂಷ್ಟು ಎಂದರೆ ಅಸಹ್ಯ ಎಂದೇ ಕಲಿತು ಬೆಳೆದವಳು ನಾನು. ಕಾನ್ವೆಂಟ್ ಹಾಸ್ಟೆಲಿನಲ್ಲಿ ಬ್ರೆಡ್ಡಿನ ಮೇಲೊಂದು ಚುಕ್ಕೆ ಕಂಡರೂ ಸಿಸ್ಟರ್ ಇಡೀ ಪ್ಯಾಕೆಟ್ಟನ್ನೇ ಹೊರಗೆಸೆಯುತ್ತಿದ್ದರು. ಈ ವಯಸ್ಸಿನಲ್ಲಿ ಅದೇ ಬೂಷ್ಟನ್ನು ಬಗ್ಗಿ ಮೂಸಿ ನೋಡಿದೆ.

ದೇವದುರ್ಗದ ಹತ್ತಿರ ನನ್ನ ನಾದಿನಿಯ ದಾಳಿಂಬೆ ತೋಟವಿದೆ. ಅಲ್ಲಿ ಮೂಲೆಯ ಗಿಡಗಳಿಗೆ ಸೊರಗು ರೋಗ ಬಂತು. ಮೊದಲು ಒಂದು ಟೊಂಗೆ ಹಳದಿ; ಆಮೇಲೆ ಇಡೀ ಗಿಡ ಕಾಯಿ ಹೊತ್ತುಕೊಂಡೇ ಒಣಗಿಬಿಡುತ್ತದೆ. ರಾಯಚೂರಿನಿಂದ ನೋಡಲು ಹೋದಾಗ ಸತ್ತ ಗಿಡದ ಬುಡ ಸೀಳಿ ತೋರಿಸಿದಳು. ಒಳಗೆ ಮಸಿ ಎಳೆದಂತೆ ಕಪ್ಪು.

"ಮಣ್ಣಾಗಿನ ಫಂಗಸ್ಸಂತ್ರಿ ವೈನಿ. ಬೇರಿಗೆ ಬೇರು ತಾಕಿದ್ರ ಹೋಗ್ತದ, ಕಾಲಿಗೆ ಹತ್ತಿದ ಮಣ್ಣಾಗೂ ಹೋಗ್ತದ."

ಅಂಥ ಗಿಡಗಳನ್ನು ಕಿತ್ತು ಸುಟ್ಟು, ಗುಂಡಿಗಳಿಗೆ ಔಷಧಿ ಸುರಿಸಿದ್ದಳು. ಉಳಿದ ತೋಟ ಉಳಿಯುತ್ತದೋ ಇಲ್ಲವೋ ಎಂಬುದೊಂದೇ ಅವಳ ಚಿಂತೆ.

ಅಷ್ಟರಲ್ಲಿ ಎಳ್ಳಮವಾಸ್ಯೆ. ಕಡುಬು, ಸಜ್ಜಿ ರೊಟ್ಟಿ ಚೂರು ಮಾಡಿ ಹೊಲದ ತುಂಬ ಚರಗ ಚೆಲ್ಲಿ ಭೂತಾಯಿಗೆ ಉಣಿಸುವ ದಿನ. ಹಿಂದಿನ ವರ್ಷ ಆ ಮೂಲೆಯಿಂದಲೇ ಶುರುಮಾಡಿ, ಬರಿಗಾಲಲ್ಲಿ ಸಾಲು ಸಾಲು ಸುತ್ತಿದ್ದೆವು. ಅಲ್ಲೊಂದು ಗಿಡ ಆಗಲೇ ಹಳದಿಯಾಗಿತ್ತು. ನೀರು ಸಾಲದಾಗಿದೆ ಎಂದುಕೊಂಡಿದ್ದೆವು, ಅಷ್ಟೆ. ರೋಗದ ಮಣ್ಣನ್ನು ನಮ್ಮ ಕಾಲುಗಳೇ ಸಾಲಿಂದ ಸಾಲಿಗೆ ಹೊತ್ತಿದ್ದವೋ ಏನೋ.

"ಈ ವರ್ಷ ಚರಗ ಸ್ಕಿಪ್ ಮಾಡು," ಎಂದೆ.

"ಭೂಮ್ತಾಯಿನ್ನ ಉಪಾಸ ಕೆಡವ್ಲೇನ್ರಿ? ನಿಮ್ಮ ಸಿಸ್ಟರ್‌ಗೋಳು ಕ್ರಿಸ್ಮಸ್ ಬಿಡ್ತಿದ್ರೇನು?" ಎಂದು ನಕ್ಕಳು. "ಚಂದಿದ್ದ ಗಿಡದ ಕಡಿಂದ ಹೊಂಟು ಮೂಲ್ಯಾಗ ಮುಗಸೂಣು. ಅಲ್ಲಿಂದ ಹಿಂದಕ್ಕ ಬರಾಂಗಿಲ್ಲ, ಸೀದಾ ಹೊರಗ. ಆದ್ರ ಮೊದ್ಲ ಇದನ್ನ ನೋಡ್ರಿ."

ಬೇವಿನ ನೆರಳಿನಲ್ಲಿ ಒದ್ದೆ ಗೋಣಿಚೀಲ ಹೊದಿಸಿದ ಸಗಣಿ ಗೊಬ್ಬರದ ರಾಶಿ. ಮಾನ್ವಿಯಿಂದ ತಂದ ಯಾವುದೋ ಪುಡಿಯನ್ನು ಅದರಲ್ಲಿ ಕಲಸಿಟ್ಟಿದ್ದಳಂತೆ. ಚೀಲ ಎತ್ತಿದಳು.

ಮೈ ಗಾಡ್! ರಾಶಿಯ ತುಂಬ ಹಸಿರು ವೆಲ್ವೆಟ್. ಬಗ್ಗಿದರೆ ಸಗಣಿಯ ವಾಸನೆಯೇ ಇಲ್ಲ, ಹಸಿ ಕೊಬ್ಬರಿಯ ನವಿರು ಪರಿಮಳ.

"ಇದೂ ಫಂಗಸ್ಸೇರಿ. ಆ ಕೆಟ್ಟ ಫಂಗಸ್ಸಿಗೆ ಸುತ್ತಿಕೊಂಡು ತಿಂತದಂತ."

ಕಣ್ಣಿಗೆ ಕಾಣದ ನೂಲೊಂದು ಇನ್ನೊಂದು ನೂಲನ್ನು ಕತ್ತಲ ಮಣ್ಣಿನಲ್ಲಿ ಹುಡುಕಿಕೊಂಡು ಹೋಗುವುದನ್ನು ನೆನೆಯುತ್ತ ನಿಂತೆ. ಚಾಪೆಲ್ಲಿನಲ್ಲಿ ಕೂಡ ನಾನು ಅಷ್ಟು ಸುಮ್ಮನೆ ನಿಂತದ್ದು ನೆನಪಿಲ್ಲ.

ಆ ದಿನ ನಾದಿನಿ ಒಂದೊಂದು ಗಿಡಕ್ಕೂ ಚರಗ ಚೆಲ್ಲುತ್ತ ಮುಂದೆ ನಡೆದಳು. ಹಿಂದೆ ನಾನು ಬುಡಬುಡಕ್ಕೂ ಹಸಿರು ಗೊಬ್ಬರ ಹಾಕುತ್ತ ಹೋದೆ. ಇಬ್ಬರೂ ಉಣಿಸಿದ್ದು ಒಬ್ಬಳಿಗೇ.

ಆಮೇಲೆ ಇನ್ನೊಂದು ಗಿಡ ಹೋಯಿತು. ಅದರಾಚೆಯ ಸಾಲಿಗೆ ರೋಗ ದಾಟಲಿಲ್ಲ. ಹೂ ಬಿಟ್ಟಾಗ ಮತ್ತೆ ಹೋದೆ. ಗುಂಡಿಯಾಚೆಯ ಗಿಡ ಕೆಂಪಗೆ ತುಂಬಿಕೊಂಡಿತ್ತು. ಅದರ ಬುಡದಲ್ಲಿ ಮಾತ್ರ ಏನೂ ಕಾಣಲಿಲ್ಲ, ಬರಿಯ ಮಣ್ಣು. ಒಳಗೆ ಆ ಹಸಿರು ಬೂಷ್ಟು ಇದ್ದೀತೆಂದು ಅದರ ಮೇಲೆ ಕಾಲಿಡಲು ಅಳುಕಾಯಿತು.

"ನಿಂತ್ರ್ಯಾಕ್ರಿ ವೈನಿ? ಬರ್ರಿ."

ಸೀರೆಯ ನೆರಿಗೆ ಎತ್ತಿ ಹಿಡಿದು, ಮಲಗಿದ ಕೂಸು ಎಚ್ಚರವಾದೀತೆಂಬಂತೆ ಮೆಲ್ಲಗೆ ಹೆಜ್ಜೆಯಿಟ್ಟೆ.